ನೀಲಿ ಮುಚ್ಚಳದ ಕೊಳವೆ

ಹನ್ನೊಂದು ನಿಮಿಷ, ಅಂದರು ಖುರ್ಷೀದಾ ಬೀ.
ಗಡಿಯಾರ ನೋಡಿದ್ದು ಅವರಲ್ಲ, ಎದುರು ಚರಕದ ಹುಡುಗಿ.
ಬಿಸಿನೀರ ಬೋಗುಣಿಗೆ ಬಲಗೈ ಇಳಿದದ್ದು
ಗೂಡಿನ ಎಳೆ ಹಿಡಿಯಲಿಕ್ಕೆ.
ಇಳಿದ ಕೈ ಅಲ್ಲೇ ಉಳಿಯಿತು,
ಸುಡುತ್ತೆ ಅನ್ನಲಿಲ್ಲ, ಬಾ ಅಂದರೆ ಬರಲಿಲ್ಲ,
ಬಾಯಿಂದ ಬಿದ್ದ ಮಾತು ಉರ್ದುವೂ ಅಲ್ಲ, ಕನ್ನಡವೂ ಅಲ್ಲ.
ಆಮೇಲೆ ಎಲ್ಲ ಬಂತು.
ಬೆರಳು ಬಂತು, ಮೊಮ್ಮಗಳ ಹೆಸರು ಬಂತು,
ಉರಿ ಎಲ್ಲಕ್ಕಿಂತ ಕೊನೆಗೆ ಬಂತು.

ಚಿಕ್ಕಬಳ್ಳಾಪುರದಲ್ಲಿ ತೆಗೆಸಿದ ಸ್ಕ್ಯಾನಿನಲ್ಲಿ
ಏನೂ ಇಲ್ಲ.
ಬಂದು ಹೋದದ್ದಕ್ಕೆ ಸಾಕ್ಷಿ
ಮಣಿಕಟ್ಟಿನ ಮೇಲೆ ಅವರೆಕಾಳಿನಷ್ಟು ನಾಲ್ಕು ಬೊಬ್ಬೆ.

ನಾನು ಶಿಡ್ಲಘಟ್ಟದ ಲ್ಯಾಬಿನವನು.
ಎಡಗೈ ಕೇಳಿದೆ, ಪಟ್ಟಿ ಬಿಗಿದೆ.
ಅವರ ಸೆರಗಿಗೆ ಬೆಂದ ಹುಳುವಿನ ವಾಸನೆ,
ಇಲ್ಲಿ ಅರ್ಧ ಊರಿಗಿದೆ, ನನ್ನ ಅಂಗಿಗೂ ಇದೆ.
ಮೊದಲು ನೀಲಿ ಮುಚ್ಚಳದ ಕೊಳವೆ.
ಗೆರೆ ಮುಟ್ಟುವವರೆಗೆ ತುಂಬಬೇಕು,
ಮೆಲ್ಲಗೆ ನಾಲ್ಕು ಸಲ ಮಗುಚಬೇಕು,
ಕುಲುಕಿದರೆ ಕೆಟ್ಟಿತು.

"ಅಷ್ಟು ನಾಜೂಕಾ?"
ಹೌದಮ್ಮ, ಇದರಲ್ಲಿ ಎಳೆ ಇದೆ.
ಫೈಬ್ರಿನೋಜೆನ್ ಅಂತಾರೆ. ಕರಗಿಕೊಂಡಿರುತ್ತೆ,
ಗಾಯ ಕಂಡರೆ ನೂಲಾಗುತ್ತೆ, ಬಲೆಯಾಗುತ್ತೆ.
ಗಾಯವಿಲ್ಲದ ಕಡೆ ನೂಲಾಗಿ
ಆ ಗಂಟು ತಲೆಗೆ ಹೋದರೆ...
ಮಿಕ್ಕಿದ್ದು ನಾನು ಹೇಳಲಿಲ್ಲ.
"ಮೂವತ್ತೆಂಟು ವರ್ಷ ಎಳೆ ಬಿಚ್ಚಿದೀನಿ," ಅಂದರು,
"ನನ್ನೊಳಗೇ ಯಾರೋ ಸುತ್ತುತಾ ಇದ್ದದ್ದು ಗೊತ್ತಾಗಲಿಲ್ಲ ನೋಡಿ.
ಎಷ್ಟು ಡೆನಿಯರ್?"

ನಗಬೇಕೋ ಬೇಡವೋ ತಿಳಿಯದೆ
ಹತ್ತಿ ಒತ್ತಿ ಹಿಡಿದೆ.

ಸಂಜೆಗೆ ರಿಪೋರ್ಟು.
ಫೈಬ್ರಿನೋಜೆನ್ ಐನೂರ ಹನ್ನೆರಡು.
ಸಿಆರ್‌ಪಿ ಒಂಬತ್ತು, ಎಲ್ಲೋ ಬೂದಿಯ ಕೆಳಗೆ ಕೆಂಡ.
ಡಿ-ಡೈಮರ್, ಅಂದರೆ ಕಡಿದ ನೂಲಿನ ಕಸ,
ಇರಬೇಕಾದ್ದಕ್ಕಿಂತ ಒಂದಿಷ್ಟು ಹೆಚ್ಚು.
ಪ್ರತಿ ಅಂಕಿಯ ಪಕ್ಕ ಮೆಷಿನ್ನು
ಮೇಲ್ಮುಖದ ಬಾಣ ಹಾಕಿತ್ತು.
ಬಾಣ ಎತ್ತ ಅನ್ನುತ್ತೆ,
ಯಾವಾಗ ಅನ್ನುವುದಿಲ್ಲ.

ಡಾಕ್ಟರ ಹತ್ತಿರ ಒಂದು ವಹಿ ಇದೆ,
ಬಂದು ಹೋದವರ ರಕ್ತದಲ್ಲಿ
ಮತ್ತೆ ಬರುವುದರ ಗುರುತು ಸಿಕ್ಕೀತೇ ಎಂದು ಹುಡುಕುವ ವಹಿ.
ಖುರ್ಷೀದಾ ಬೀ ಹೆಬ್ಬೆಟ್ಟು ಒತ್ತಿದರು; ನಂಬರು ಎಂಬತ್ಮೂರು.
ಕೊನೆಯ ಕಾಲಂ ಖಾಲಿ.
ತೊಂಬತ್ತನೇ ದಿನ ಫೋನು ಮಾಡಿ
ಲಕ್ವ ಹೊಡೆಯಿತೇ, ಹೌದು ಅಥವಾ ಇಲ್ಲ,
ತುಂಬುವುದು ನನ್ನ ಕೆಲಸ.

ಅರವತ್ತೊಂದನೆಯವರಿಗೆ ಒಂದು ಬಾಣವೂ ಇರಲಿಲ್ಲ,
ಅಂಕಿಯೆಲ್ಲ ಕೆರೆಯ ನೀರಿನ ಹಾಗೆ ಸಮ.
ಫೋನು ಎತ್ತಿದ್ದು ಅವರ ಅಳಿಯ.
ಅಂದಿನಿಂದ ರಿಪೋರ್ಟಿಗೆ ಸಹಿ ಹಾಕುವಾಗ
ನನ್ನ ಸಹಿ ಸಣ್ಣದಾಗಿದೆ.

ಈಚೆಗೊಮ್ಮೆ ಔಷಧಿ ಅಂಗಡಿಯ ಮುಂದೆ ಸಿಕ್ಕಿದ್ದರು,
ಚೀಟಿಯಲ್ಲಿ ಎರಡು ಗುಳಿಗೆ, ಒಂದು ರಕ್ತ ಹೆಪ್ಪುಗಟ್ಟದಿರಲು, ಒಂದು ಕೊಬ್ಬಿಗೆ.
"ಉಪ್ಪಿನಕಾಯಿ ಬಿಡು ಅಂದರು. ಚರಕ ಬಿಡು ಅನ್ನಲಿಲ್ಲ."

ತೊಂಬತ್ತನೇ ದಿನ, ಸೋಮವಾರ,
ಗೂಡಿನ ಮಾರ್ಕೆಟ್ಟಿನಲ್ಲಿ ಹರಾಜು ಮುಗಿದ ಹೊತ್ತು.
ರಿಂಗಾಯಿತು. ಎತ್ತಿದರು. ಮಾತಿಲ್ಲ.
ಉಸಿರಿದೆ, ನೀರಿನ ಸದ್ದಿದೆ, ಮಾತಿಲ್ಲ.
ಎಣಿಸತೊಡಗಿದೆ.
ಅಮ್ಮಾ, ಅಂದೆ. ಮತ್ತೆ ಎಣಿಸಿದೆ.

"ತಾಳಿ," ಅಂದಿತು ದನಿ, ಹಲ್ಲು ಕಚ್ಚಿಕೊಂಡು,
"ಎಳೆ ಸಿಗ್ತಾ ಇದೆ."
ಚರಕ ತಿರುಗಿತು.
"ಹ್ಞಾಂ. ಈಗ ಹೇಳಿ, ಯಾರು?"

ಇಲ್ಲ, ಎಂದು ಬರೆದೆ.
ಎಂಬತ್ನಾಲ್ಕನೆಯ ನಂಬರು ಒತ್ತಿದೆ.