ಮೂರನೆಯ ರಾಟೆ

ಇದ್ರಿಯಾದ ಪಾದರಸದ ಗಣಿ ಮುಚ್ಚಿ ಎಷ್ಟೋ ವರ್ಷ.
ಬೋಲ್ತೆಜಾರನ ಕೈಯೊಳಗೆ ಮಾತ್ರ
ಇನ್ನೂ ಪಾಳಿ ನಡೆದಿದೆ.
ಲೋಟ ಹಿಡಿದರೆ ಕಾಫಿ ತಾನೇ ಅಲೆಯೇಳುತ್ತದೆ,
ಅಂಗಿಯ ಗುಂಡಿಗೆ ಗೋಡೆಗೊರಗಿ ನಿಲ್ಲಬೇಕು.

ನನಗೆ ಕೊಟ್ಟದ್ದು ಪ್ಲಮ್ ಮರದ ಕಡ್ಡಿ,
ಲೇಸಿನ ಬಾಬಿನ್ನಿಗೆ,
ನನ್ನ ತೋರುಬೆರಳಿಗಿಂತ ತೆಳ್ಳಗೆ.
ಇಷ್ಟೇ ಇಷ್ಟು ಮರ, ಪಾಪ, ಎಂದು
ಬೆಲ್ಟನ್ನು ಮೊದಲ ರಾಟೆಗೆ ಹಾಕಿದೆ.
ಕೂಸು ತೂಗುವ ಹಾಗೆ ತಿರುಗಿತು ಲೇತು.
ಉಳಿ ಇಟ್ಟೆ.
ಟಕ್. ಟಕ್ ಟಕ್. ಎಳೆ ಕಿತ್ತು ಬಂತು.
ಉಳಿದದ್ದು ನಾಯಿ ಅಗಿದು ಬಿಟ್ಟ ಪೆನ್ಸಿಲು.

ಅವನು ಬೈಯಲಿಲ್ಲ.
ಸ್ವಿಚ್ಚು ಆರಿಸಿ, ಪೂರ್ತಿ ನಿಲ್ಲುವವರೆಗೂ ಕಾದ.
"ಬೋಗುಣಿಯ ಅಂಚು ಒಂದು ಸುತ್ತಿಗೆ ಎರಡು ಮೊಳ ಓಡುತ್ತದೆ,
ಈ ಬಡಕಲಿನ ಮೈ ಓಡುವುದು ಎರಡು ಬೆರಳಗಲ.
ದೊಡ್ಡದನ್ನು ತಡಿ, ಸಣ್ಣದನ್ನು ಓಡಿಸು.
ನೀನು ಕನಿಕರ ಅಂದುಕೊಂಡದ್ದು ಬರೀ ಹೆದರಿಕೆ, ಹುಡುಗಿ."

ಮೂರನೆಯ ರಾಟೆ.
ಸದ್ದು ಜೇನುಗೂಡಿನದಾಯಿತು.
ಕಡ್ಡಿ ಕಣ್ಣಿಗೆ ಕಾಣದೆ, ಕಡ್ಡಿಯ ನೆರಳಷ್ಟೇ ಕಂಡು,
ನಡುವೆ ತಂತಿಯಂತೆ ಮಿಡಿಯತೊಡಗಿತು.
"ಹಿಂದೆ ಬೆರಳು ಕೊಡು. ಒತ್ತಬೇಡ, ಇರು ಅಷ್ಟೆ."
ಇದ್ದೆ. ಬೆರಳು ಬಿಸಿಯಾಯಿತು.
ಸಿಪ್ಪೆ ಕೂದಲಿನ ಹಾಗೆ ಸುರುಳಿಬಿಟ್ಟು
ನನ್ನ ತೋಳಿನ ಮೇಲೆ ಬಿತ್ತು.

ಆಮೇಲೆ ತಾನೇ ನಿಂತ.
ನಾನು ಕಿಟಕಿಯ ಕಡೆ ತಿರುಗಿದೆ,
ಆದರೂ ನೋಡಿದೆ.
ನಿಧಾನದಲ್ಲಿ ಆ ನಡುಕ
ಮರಕ್ಕೆ ಮೂಲೆ ಕೊಡುತ್ತಿತ್ತಂತೆ, ಗುಬುಟು ಗುಬುಟಾಗಿ.
ಇಲ್ಲಿ, ಕೈ ಒಮ್ಮೆ ಅದುರುವಷ್ಟರಲ್ಲಿ
ಮರ ಎಂಟು ಸಲ ಸುತ್ತಿ ಬಂದಿರುತ್ತದೆ.
ಅದುರಿದ್ದೆಲ್ಲ ಉಂಗುರ.
ಕತ್ತಿನಿಂದ ಹೊಟ್ಟೆಯವರೆಗೆ ಕೂದಲೆಳೆಯ ಉಂಗುರಗಳು,
ಎರಡರ ನಡುವಿನ ದೂರ
ಇನ್ನೆರಡರ ನಡುವೆ ಇಲ್ಲ.

ಶನಿವಾರ ಯೆರಿತ್ಸಾ ಬಂದಳು, ಲೇಸು ಹೆಣೆಯುವವಳು.
ನನ್ನ ನುಣ್ಣನೆಯ ಹನ್ನೆರಡನ್ನು ಅತ್ತ ಸರಿಸಿ
ಅವನದಕ್ಕೆ ಕೈ ಹಾಕಿದಳು.
"ಇವು ಜಾರುವುದಿಲ್ಲ. ಕಣ್ಣು ಮಂಜಾದ ಮೇಲೆ
ಯಾವ ನೂಲು ಯಾವುದೆಂದು ಇವೇ ಹೇಳುತ್ತವೆ."

ಹಣ ಎಣಿಸುವಾಗ
ಒಂದು ನಾಣ್ಯ ಅವನ ಬೆರಳಿಂದ ಹಾರಿ
ನೆಲದ ಮೇಲೆ ನಿಂತು ಸುತ್ತಿತು, ಗುಂಡಗೆ, ಗಾಜಿನ ಗೋಲಿಯಂತೆ.
ಮೂವರೂ ನೋಡಿದೆವು.
ಅದು ತೂರಾಡುವ ಮೊದಲೇ
ಬೂಟು ಇಟ್ಟ ಅದರ ಮೇಲೆ.
"ಬೆಲ್ಟು ಇಳಿಸು," ಎಂದ ನನಗೆ.
"ನಾಳೆ ಬೋಗುಣಿ ಇದೆ."