ಹನ್ನೊಂದು ಗಂಟೆಯ ನಾಲಗೆ

ಹೆಬ್ಬೆರಳ ಉಗುರು ಮೊದಲು ಹಳದಿಯಾಯಿತು,
ಮತ್ತೆ ಸುಣ್ಣದ ಹಾಗೆ ಪುಡಿ.
ಇಪ್ಪತ್ತು ವರ್ಷ ಬಂಗುಡೆ ತೊಳೆದ ನೀರಲ್ಲಿ
ಒಣಗಲು ಪುರುಸೊತ್ತು ಸಿಗದ ಕೈ.

ಡಾಕ್ಟ್ರು ಸಣ್ಣ ಪ್ರಾಯದ ಹುಡುಗಿ,
ಚೀಟಿ ಬರೆಯುತ್ತ ಹೇಳಿದಳು:
"ಜಲಜಕ್ಕ, ಬೂಸ್ಟಿಗೂ ಮೈಮೇಲೊಂದು ಪೊರೆ ಉಂಟು.
ಪೊರೆಗೆ ಬೇಕಾದ ಜಿಡ್ಡು ಪಾಕಕ್ಕೆ ಬಾರದಂತೆ
ಈ ಮಾತ್ರೆ ಒಲೆ ಆರಿಸುತ್ತದೆ.
ಬೇಯದ ಎಣ್ಣೆ ಒಳಗೇ ತುಂಬಿ ತುಂಬಿ
ಸಾಯುತ್ತದೆ ಅದು.
ಆ ಎಣ್ಣೆ ಯಾವುದು ಗೊತ್ತುಂಟಾ?
ತಾಟೆ ಮೀನಿನ ಲಿವರಿನಲ್ಲಿ ಇರುವಂಥದ್ದೇ."

ನಕ್ಕೆ. ಮಲ್ಪೆಯಲ್ಲಿ ಹುಟ್ಟಿದವಳಿಗೆ
ತಾಟೆ ಎಣ್ಣೆಯ ನಾತ ಹೇಳಿಕೊಡಬೇಕೇ?
ಅಪ್ಪ ದೋಣಿಗೆ ಬಳಿಯುತ್ತಿದ್ದದ್ದು ಅದನ್ನೇ.

ನನ್ನ ಲಿವರಿಗೂ ರಕ್ತಪರೀಕ್ಷೆ ಆಯಿತು.
ಸರಿ ಉಂಟು ಅಂದರು.
ನಾಲಗೆಯ ಸುದ್ದಿ
ಮಾತ್ರೆಯ ಕಾಗದದಲ್ಲಿ ಸಣ್ಣಕ್ಷರದಲ್ಲಿತ್ತೇನೋ.

ಆರನೇ ವಾರ, ಬೆಳಿಗ್ಗೆ,
ಸೌಟಿನಿಂದ ಅಂಗೈಗೆ ಗಸಿ ಹಾಕಿ ನೆಕ್ಕಿದೆ:
ಬಿಸಿ ಇತ್ತು. ಮೀನು ಇರಲಿಲ್ಲ.
ಪುನರ್ಪುಳಿ ಬರೀ ಕೆಂಪು.
ಉಪ್ಪು ಬರೀ ಮರಳು.

ಗಿರಾಕಿಗೆ ಹೇಳಿದರೆ ಹೋಟೆಲು ಮುಚ್ಚಬೇಕು.
ಐಸ್ ಪ್ಲಾಂಟಿನ ಮುಷ್ತಾಕನನ್ನು
ಹಿಂಬಾಗಿಲಿಂದ ಕರೆದೆ:
"ನೋಡು ಮಾರಾಯ, ಹುಳಿ ಸಾಕಾ?"
ಅವನ ಹುಬ್ಬು ಏರುವುದನ್ನು ಓದಿ
ಉಪ್ಪು ಹಾಕಲು ಕಲಿತೆ.

ಮಾತ್ರೆ ನಿಲ್ಲಿಸಿದರು.
ಬರುತ್ತದೆ, ತಿಂಗಳುಗಟ್ಟಲೆ ಆದೀತು ಎಂದರು.
ಉಗುರಿನ ಬುಡದಲ್ಲಿ ಹೊಸತು,
ಅಕ್ಕಿ ನುಚ್ಚಿನಷ್ಟು, ಗುಲಾಬಿ ಬಣ್ಣ.

ಮುಷ್ತಾಕ ಈಗ ದಿನಾ ಹನ್ನೊಂದಕ್ಕೆ ಬರುತ್ತಾನೆ,
ಕರೆಯದೆಯೇ.
ನಿನ್ನೆ ಕಣ್ಣೊರೆಸಿಕೊಂಡು ಅಂದ:
"ಅಕ್ಕ, ಖಾರ ಸ್ವಲ್ಪ ಜಾಸ್ತಿಯೇ."

ಗೊತ್ತಾಯಿತು ಮಾರಾಯ.
ಖಾರ ಮಾತ್ರ ನನಗೂ ತಿಳಿಯುತ್ತದೆ.
ಅದು ರುಚಿಯಲ್ಲವಂತೆ,
ಉರಿ.