ಬಿಸಿ ಇದ್ದಾಗಲೇ ಸೋಸು

ಗಂಗಾವತಿಯಲ್ಲಿ ಬೂದಿಗೆ ಬೆಲೆಯಿಲ್ಲ.
ಒಣಹಾಕಿದ ಸೀರೆಯ ಮೇಲೆ, ಹಪ್ಪಳದ ಮೇಲೆ,
ಕಾಲೇಜಿನ ಹಾಜರಿ ಪುಸ್ತಕದ ಮೇಲೆ
ಅಕ್ಕಿ ಮಿಲ್ಲಿನ ಚಿಮಣಿ ಕೇಳದೆಯೇ ಸಹಿ ಹಾಕುತ್ತದೆ.
ನಾನೇ ಹೋಗಿ ಕೇಳಿದೆ: ಒಂದು ಚೀಲ ಬೇಕಿತ್ತು.
ಬಾಯ್ಲರಿನ ಮೌಲಾಸಾಬ ನನ್ನ ಮುಖ ನೋಡಿದ,
ಚಪ್ಪಲಿ ನೋಡಿದ.
"ಪಾತ್ರಿ ತಿಕ್ಕಾಕೇನ್ರಿ ಮೇಡಮ್ಮಾರ?"

ತಿಕ್ಕಲಿಕ್ಕಲ್ಲ, ಕೂರಿಸಲಿಕ್ಕೆ.
"ಯಾರ್ನ?"
ಪಲ್ಲಾಡಿಯಮ್ಮನ್ನ, ಅಂದುಬಿಟ್ಟೆ.
"ಹೌದಾ? ಯಾವೂರ ದೇವ್ರ್ರೀ ಆಕಿ?"
ಕೇಳುತ್ತಲೇ ಸಲಿಕೆ ತೊಳೆದುಕೊಂಡ,
ಮೇಲಿನ ಬೂದಿ ಸರಿಸಿ
ಒಳಗಿನ ಬಿಳಿಯದನ್ನೇ ಆರಿಸಿ ತುಂಬಿದ.

ಹೋದ ವರ್ಷ ಆಕೆಗೆ ಕೂರಲು ಜಾಗವಿರಲಿಲ್ಲ.
ಗುಲಗಂಜಿ ತೂಕದ ಉಪ್ಪಾಗಿ ಬಂದು
ದ್ರಾವಣದಲ್ಲಿ ಕರಗಿದಳು,
ಕೆಲಸ ಚೆಂದ ಮಾಡಿದಳು, ಆಮೇಲೆ ಸಿಗಲಿಲ್ಲ.
ಹಾಲಿಗೆ ಬಿದ್ದ ನೀರನ್ನು ಯಾರು ಎತ್ತಿಕೊಡುತ್ತಾರೆ?
ಮೂರು ತಿಂಗಳ ಅನುದಾನ ಸಿಂಕಿನಲ್ಲಿ ಹೋಯಿತು.
ಗಾಜು ತೊಳೆಯುವ ಹುಲಿಗೆವ್ವ
ಮೋರಿಯ ಬಾಯಿಗೆ ಅರಿವೆ ಕಟ್ಟಿ
ಎರಡು ದಿನ ಕಾದು ನೋಡಿದಳು, ಪಾಪ.

ಅದಕ್ಕೇ ಬೂದಿ.
ಕಾಸ್ಟಿಕ್ ಸೋಡಾದಲ್ಲಿ ಕುದಿಸಿ, ಬಸಿದು,
ಆಮ್ಲ ಹನಿಹನಿಯಾಗಿ ಬಿಟ್ಟರೆ
ಬೀಕರಿನ ತುಂಬ ತೊಳತೊಳ ಸಿಲಿಕಾ.
"ಅಕ್ಕಿ ಹ್ವಾದ ಮ್ಯಾಲೂ ಹೊಟ್ಟಿನಾಗ ಗಂಜಿ ಐತಿ ನೋಡ್ರಿ"
ಅಂದಳು ಹುಲಿಗೆವ್ವ.
ಒಣಗಿಸಿ ಅರೆದ ಆ ಪುಡಿಯ ಮೈಗೆ
ಸಣ್ಣ ಸಣ್ಣ ತೋಳು ಕಸಿ ಮಾಡಿದೆ:
ಮೂರು ಇಂಗಾಲದ ಉದ್ದ, ತುದಿಗೊಂದು ನೈಟ್ರೋಜನ್,
ಚಾಚಿದ ಕೈ.
ಕೈ ಹಿಡಿದು ಆಕೆ ಕೂತಳು.
ಪುಡಿ ಹಳದಿಯಾಯಿತು, ಸಂಜೆಗೆ ಕಾಡಿಗೆ.

ಈಗ ಸ್ಟೈರೀನ್,
ಮೈಯಲ್ಲೊಂದು ಎರಡೆಳೆಯ ಬಿಗಿ ಇಟ್ಟುಕೊಂಡದ್ದು.
ಅರವತ್ತು ಡಿಗ್ರಿ.
ಫ್ಲಾಸ್ಕಿನ ಕೊರಳಿಗೆ ಹೈಡ್ರೋಜನ್ ತುಂಬಿದ ಬಲೂನು,
ಜುಲೈನಗರದ ಅಂಗಡಿಯದು,
ಹ್ಯಾಪಿ ಬರ್ತ್‌ಡೇ ಎಂದು ಬರೆದಿದೆ.
ಬರೆಹ ಸುಕ್ಕುಗಟ್ಟಿದಷ್ಟೂ ನನಗೆ ಶುಭ.
ಅರ್ಧ ಗಂಟೆಗೊಮ್ಮೆ ಒಂದು ಹನಿ ತೆಗೆದು
ಬ್ರೋಮಿನ್ನಿಗೆ ತೋರಿಸುವುದು.
ಎರಡನೆಯ ಎಳೆ ಉಳಿದಿದ್ದರೆ ಕೆಂಪು ಮಾಯ.
ಮೂರೂವರೆಗೆ
ಕೆಂಪು ಕೆಂಪಾಗಿಯೇ ನಿಂತಿತು.

ಆದರೆ ಅನುಮಾನ ನನ್ನ ಕಸುಬು.
ನಿಜಕ್ಕೂ ಕೂತಿದ್ದಾಳೋ,
ಬಿಸಿಯಾದೊಡನೆ ಎದ್ದು ಊರೆಲ್ಲ ತಿರುಗಿ
ಆರುವ ಹೊತ್ತಿಗೆ ಬಂದು
ಏನೂ ಅರಿಯದವಳಂತೆ ಕೂರುತ್ತಾಳೋ?
ಆರಿದ ಮೇಲೆ ಸೋಸಿದರೆ
ಎಲ್ಲರೂ ಮನೆಯಲ್ಲೇ ಸಿಗುತ್ತಾರೆ.

ಮರುದಿನ ಕೆಲಸ ಅರ್ಧಕ್ಕಿದ್ದಾಗ, ಬಿಸಿ ಇದ್ದಾಗಲೇ ಸೋಸಿದೆ.
ಬೆರಳು ಸುಟ್ಟಿತು.
ಪುಡಿಯಿಲ್ಲದ ತಿಳಿಗೆ ಹೊಸ ಬಲೂನು ಕಟ್ಟಿ ಕೂತೆ.
ಒಂದು ಗಂಟೆ.
ಎರಡು.
ಹ್ಯಾಪಿ ಬರ್ತ್‌ಡೇ ಸೊರಗಲಿಲ್ಲ.
ಬ್ರೋಮಿನ್ ಹಾಕಿದರೆ ಬಣ್ಣ ಹೋಗುತ್ತಲೇ ಇತ್ತು,
ಅರ್ಧಕ್ಕೆ ಬಿಟ್ಟದ್ದು ಅರ್ಧಕ್ಕೇ ಇತ್ತು.
ಏನೂ ಆಗದಿರುವುದನ್ನು ನೋಡುತ್ತ
ಬುತ್ತಿ ಬಿಚ್ಚುವುದನ್ನೇ ಮರೆತೆ.

ಸೋಸುಕಾಗದದ ಮೇಲೆ ಕರಿಯ ಚಂದ್ರ.
ಹುಲಿಗೆವ್ವ ಬಗ್ಗಿ ನೋಡಿದಳು:
"ಮುಂಜಾನಿ ಹಾಕಿದ್ದು ಹಂಗ ಐತಲ್ರೀ.
ಕೆಲಸ ಮಾಡೇತಿ ಅಂತ ಹೆಂಗ್ ಹೇಳ್ತೀರಿ?"
ಹೇಳಲು ಬಾಯಿ ತೆರೆದೆ.
ಅಷ್ಟರಲ್ಲಿ ಆಕೆ ಫ್ಲಾಸ್ಕು ತೊಳೆದು
ಬೆಳಕಿಗೆ ಹಿಡಿದು, ಬೋರಲು ಹಾಕಿ,
ಮುಂದಿನದಕ್ಕೆ ಕೈ ಚಾಚಿದ್ದಳು.
ಇಪ್ಪತ್ತೆರಡು ವರ್ಷದ ಗಾಜು.
ಒಂದು ಗೆರೆಯಿಲ್ಲ.

ಮೊದಲ ಸಲ ತೊಂಬತ್ತೆಂಟು.
ತೊಂಬತ್ತೇಳು, ತೊಂಬತ್ತೇಳು, ತೊಂಬತ್ತೈದು.
ಐದಕ್ಕೆ ತೊಂಬತ್ತೊಂದು.
ಆರಕ್ಕೆ ಎಂಬತ್ತಮೂರು. ಎರಡು ಸಲ ತೂಗಿ,
ಅದನ್ನೇ ಪೆನ್ನಿನಲ್ಲಿ ಬರೆದೆ.
ಎಲ್ಲೋ ಕೆಲವು ಕೈ ಸಡಿಲಿವೆ.

ಕೊಪ್ಪಳದ ರಸ್ತೆಯಲ್ಲಿ ಸೈಕಲ್ ನಿಲ್ಲಿಸಿ ಮೌಲಾಸಾಬ ಕೇಳಿದ:
"ಕುಂತಳೇನ್ರೀ ನಿಮ್ಮಮ್ಮ?"
ಕುಂತಾಳ. ಆರನೇ ಸಲಕ್ಕ ಸ್ವಲ್ಪ ಅಲುಗ್ಯಾಳ.
ಆತ ಹುಬ್ಬಿನ ಬೂದಿ ಒರೆಸಿಕೊಂಡ.
"ಇನ್ನೊಂದ್ ಚೀಲ ಕಳಸ್ಲೇನು?"